ಮೂರನೇ ಕೂಗಿಗೆ ಓ ಎನ್ನುವುದು

ಮೊನ್ನೆ ಬಿಸಿಲು ಚೆನ್ನಾಗಿ ಬಿತ್ತೆಂದು ಕರಿ ಕಂಬಳಿಯನ್ನು ಮಾಳಿಗೆಯ ಮೇಲೆ ಹರವಿದೆ. ಕೊಡವುವಾಗ ಮಡಿಕೆಯೊಳಗಿಂದ ನೇರಳೆ ಹಣ್ಣಿನ ಗಾತ್ರದ ಕಪ್ಪನೆಯ ಸ್ಪಂಜಿನ ಉಂಡೆಯೊಂದು ಉರುಳಿ ಬಿತ್ತು. ಇಲಿಯ ಕಾರುಬಾರು ಎಂದು ಮೊದಲು ಅನುಮಾನಪಟ್ಟೆ. ಆಮೇಲೆ ಗುರುತು ಹತ್ತಿತು. ಇದು ಮೈಕಿನ ಟೋಪಿ. ಮಾತಾಡುವಾಗ ಉಸಿರು ತಾಗಿ ಭುಸ್ ಎನ್ನದಿರಲೆಂದು ಪುಟಾಣಿ ಮೈಕಿನ ತಲೆಗೆ ಇದನ್ನು ತೊಡಿಸುತ್ತಾರೆ. ಬೇಸಿಗೆಯಲ್ಲಿ ಇದು ಕಾಣೆಯಾದಾಗ ಮನೆಯೆಲ್ಲ ಹುಡುಕಿ, ಕೊನೆಗೆ ಪಕ್ಕದ ಮನೆಯ ಬೆಕ್ಕಿನ ಮೇಲೆ ಹೊರಿಸಿದ್ದೆ. ಪಾಪ, ಬೆಕ್ಕು.

ಟೋಪಿಯನ್ನೀಗ ಕುಂಕುಮದ ಭರಣಿಯ ಪಕ್ಕದಲ್ಲಿ ಇಟ್ಟಿದ್ದೇನೆ. ಸೊಸೆ ನಾಗಮಣಿ ನೋಡಿ ನಕ್ಕಳು. ನಗಲಿ ಬಿಡಿ. ಆ ಕಂಬಳಿ, ಈ ಟೋಪಿ, ನಾನು, ಮೂವರೂ ಸೇರಿ ಒಂದು ಕೆಲಸ ಮಾಡಿದ್ದೇವೆ. ಅದನ್ನು ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬಿ ಹೋಗುತ್ತದೆ. ಓದಿದ್ದು ನಾಲ್ಕನೇ ಕ್ಲಾಸು, ತಪ್ಪು ಕಂಡರೆ ತಿದ್ದಿಕೊಂಡು ಓದಿ. ತಿದ್ದಿಸಿಕೊಳ್ಳುವುದು ನನಗೆ ಈಗ ಅಭ್ಯಾಸವಾಗಿದೆ. ಅಭ್ಯಾಸ ಮಾಡಿಸಿದ್ದು ಒಂದು ಗೂಬೆ. ಅದರ ಸಮಾಚಾರ ಆಮೇಲೆ ಬರುತ್ತದೆ, ಮೊದಲು ಕಂಬಳಿಯದು ಆಗಲಿ.

ಕಂಬಳಿ ನನ್ನ ತವರಿನದು. ನಾನು ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದವಳು, ಹುಟ್ಟಿದ್ದು ಚಳ್ಳಕೆರೆಯಲ್ಲಿ. ಅಪ್ಪ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅವನ ಅಂಗಿ, ಕೈ, ತಲೆಯ ರುಮಾಲು ಎಲ್ಲಕ್ಕೂ ಕಡಲೆಕಾಯಿ ಎಣ್ಣೆಯದೇ ವಾಸನೆ. ಸಂತೆಯಲ್ಲಿ ಅವನು ಈ ಕಂಬಳಿ ಕೊಂಡು ತಂದಾಗ ಅದು ಗೋಡೆಗೆ ಒರಗಿಸಿದರೆ ಆಳಿನ ಹಾಗೆ ನಿಂತುಕೊಳ್ಳುತ್ತಿತ್ತು. ಹುಣಸೆ ಬೀಜದ ಗಂಜಿಯನ್ನು ಅಷ್ಟು ಗಟ್ಟಿಯಾಗಿ ಕುಡಿಸಿದ್ದರು. ನಾವು ಮಕ್ಕಳೆಲ್ಲ ಅದರೊಳಗೆ ನುಗ್ಗಿ ಮಲಗಿದರೆ ಕುತ್ತಿಗೆಗೆ ಚುಚ್ಚುತ್ತಿತ್ತು. ಕುರಿಯ ವಾಸನೆ, ಎಣ್ಣೆಯ ವಾಸನೆ, ತಂಗಿಯ ಮೂಗಿನ ಸೊರಸೊರ. ಆ ಕತ್ತಲಲ್ಲಿ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ನಮಗೆ ಬದುಕುವ ವಿದ್ಯೆ ಹೇಳಿಕೊಡುತ್ತಿದ್ದಳು.

“ಹೊರಗಿಂದ ಯಾರಾದ್ರೂ ಹೆಸರು ಹಿಡಿದು ಕೂಗಿದ್ರೆ ಓ ಅನ್ನಬ್ಯಾಡ್ರಿ. ಎಲ್ಡು ಸಲ ಕೂಗಿದ್ರೂ ಅನ್ನಬ್ಯಾಡ್ರಿ. ಮೂರನೇ ಸಲಕ್ಕೆ ಅನ್ರಿ.”

“ಯಾಕಜ್ಜಿ?”

“ದೆವ್ವಕ್ಕೆ ಎಲ್ಡೇ ಕೂಗು ಇರೋದು. ನಿಮ್ಮವ್ವನ ದನೀಲೇ ಕೂಗ್ತೈತೆ, ನಿಮ್ಮಪ್ಪನ ದನೀಲೇ ಕೂಗ್ತೈತೆ. ಓ ಅಂದ್ರೋ, ನಿಮ್ಮ ದನಿ ಎತ್ತಿಕೊಂಡು ಹೋತು. ಆಮೇಲೆ ಬಾಯಿ ತೆಗೆದ್ರೆ ಬರೀ ಗಾಳಿ.”

ನಾನೂ ತಂಗಿಯೂ ಈ ವಿದ್ಯೆಯನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದೆವೆಂದರೆ, ಒಂದು ಸಂಜೆ ಅಪ್ಪ ಬಾಗಿಲಾಚೆ ನಿಂತು ನನ್ನ ಹೆಸರು ಹಿಡಿದು ಕೂಗಿದ. ಇಬ್ಬರೂ ಸುಮ್ಮನೆ. ಇನ್ನೊಮ್ಮೆ ಕೂಗಿದ. ಒಬ್ಬರ ಬಾಯಿ ಒಬ್ಬರು ಮುಚ್ಚಿಕೊಂಡೆವು. ಮೂರನೆಯ ಕೂಗು ಬರಲೇ ಇಲ್ಲ. ದೆವ್ವವನ್ನು ಗೆದ್ದೆವೆಂದು ಬಾಗಿಲು ತೆರೆದು ನೋಡಿದರೆ, ಎದುರು ಮನೆಯ ಕಟ್ಟೆಯ ಮೇಲೆ ಅಪ್ಪ. ಅವನ ಸುತ್ತ ಎದುರು ಮನೆಯ ಮಕ್ಕಳು, ಅವರ ಬಾಯಲ್ಲಿ ನಮಗೆಂದು ತಂದ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ. ಸಿಟ್ಟು ಬಂದರೆ ಅಪ್ಪ ಎರಡಕ್ಕಿಂತ ಹೆಚ್ಚು ಸಲ ಕೂಗುವವನಲ್ಲ ಎಂಬುದು ನಮಗೆ ಆ ಗಳಿಗೆಯಲ್ಲಿ ಹೊಳೆದಿರಲಿಲ್ಲ.

ಬಜ್ಜಿ ಹೋಯಿತು, ಅನುಮಾನ ಉಳಿಯಿತು. ಈ ಮನೆಗೆ ಬಂದ ಹೊಸದರಲ್ಲಿ ಇವರ ತೆಲುಗು ತಿಳಿಯದೆ, ಅತ್ತೆ ಮಾವ ಜೋರಾಗಿ ಮಾತಾಡಿದರೆ ನನ್ನನ್ನೇ ಅಂದುಕೊಳ್ಳುತ್ತಿದ್ದಾರೆಂದು ಕಂಬದ ಮರೆಯಲ್ಲಿ ನಿಂತು ಅಳುತ್ತಿದ್ದೆ. ಈಗಲೂ ಪೇಟೆಯಲ್ಲಿ ಬದನೆಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಬಡಿದು ನೋಡುತ್ತೇನೆ. ತರಕಾರಿಯ ಸಾಬರು ಕೈಮುಗಿಯುತ್ತಾರೆ. “ಅಮ್ಮಾ, ಕಲ್ಲಂಗಡಿ ಬಡೀರಿ, ಬ್ಯಾಡ ಅನ್ನಲ್ಲ. ಬದನೆಕಾಯಿ ಏನು ಜವಾಬು ಕೊಡ್ತೈತೆ ನಿಮಗೆ?”

ಜವಾಬು ಕೊಡುತ್ತದೋ ಇಲ್ಲವೋ, ಬಡಿದು ನೋಡುವುದು ನನ್ನ ಧರ್ಮ. ಇಂಥವಳ ಹತ್ತಿರ ಒಂದು ದಿನ ಸೊಸೆ ಬಂದು, ಮುಖ ಕಾಣದ ಊರು ಹೇಳದ ಜನರಿಗೆ ದನಿ ಕೊಡಿ ಎಂದು ಕೇಳಿದಳು. ಹೇಗಿರಬೇಡ ನೀವೇ ಹೇಳಿ.

ಯಾಕೆ ಕೇಳಿದಳೆಂದರೆ, ಚಂದ್ರಿಗಾಗಿ. ಚಂದ್ರಿ ನನ್ನ ಮೊಮ್ಮಗಳು, ಮಗ ವೀರೇಶನ ಒಬ್ಬಳೇ ಮಗಳು. ಕಿವಿ ಚುರುಕು, ಬುದ್ಧಿ ಅದಕ್ಕಿಂತ ಚುರುಕು, ಹಟ ಎರಡಕ್ಕಿಂತಲೂ ಚುರುಕು. ಮಾತು ಮಾತ್ರ ಹುಟ್ಟಿನಿಂದಲೇ ಬರಲಿಲ್ಲ. ಗಂಟಲಿನ ನರ ಎಂದರು ಡಾಕ್ಟರು. ನಗುವೂ ಸದ್ದಿಲ್ಲದ ನಗು, ಮೈಯೆಲ್ಲ ಕುಲುಕುತ್ತದೆ ಅಷ್ಟೆ. ನಾನು “ಚಂದ್ರೀ” ಎಂದು ಕೂಗಿದರೆ ಅವಳು ಎಲ್ಲಿದ್ದರೂ ಓಡಿ ಬಂದು ಮಗ್ಗದ ಕಂಬಕ್ಕೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿಯುತ್ತಾಳೆ. ಅದೇ ಅವಳ ಓ. ನಮ್ಮ ಬೀದಿಯ ಮನೆಮನೆಯಲ್ಲೂ ಮಗ್ಗ. ಲಾಳಿ ಅತ್ತ ಇತ್ತ ಓಡುವ ಆ ಗದ್ದಲದ ನಡುವೆಯೂ ಅವಳ ಟಕ್ ಟಕ್ ನನಗೆ ಬೇರೆಯಾಗಿ ಕೇಳುತ್ತದೆ.

ಅವಳಿಗೆಂದು ಒಂದು ಟ್ಯಾಬ್ ಬಂದಿತ್ತು. ಅದರಲ್ಲಿ ಬರೆದರೆ ಅದು ಬಾಯಿಬಿಟ್ಟು ಹೇಳುತ್ತದೆ. ಮೊದಲ ದಿನ ಮನೆಯವರೆಲ್ಲ ಸುತ್ತ ಕುಳಿತೆವು. ಚಂದ್ರಿ ಏನೋ ಒತ್ತಿದಳು. “ಅಜ್ಜಿ, ದಯವಿಟ್ಟು ಕುಡಿಯಲು ನೀರು ಕೊಡಿ” ಎಂದಿತು ಒಂದು ಹೆಣ್ಣು ದನಿ. ರೈಲು ಎರಡನೇ ಪ್ಲಾಟ್‌ಫಾರಂಗೆ ಬರುತ್ತಿದೆ ಎನ್ನುವವಳ ದನಿಯೇ. ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಂತೆ, ಮನೆಗೆ ಆಫೀಸರಮ್ಮ ಬಂದ ಹಾಗಾಯಿತು. ಶಾಲೆಯಲ್ಲಿ ಹುಡುಗರು ಸುಮ್ಮನಿರುತ್ತಾರೆಯೇ? ಅವಳು ಟ್ಯಾಬ್ ತೆಗೆದರೆ ಸಾಕು, “ಲೇ, ಟ್ರೈನ್ ಬಂತು ದಾರಿ ಬಿಡ್ರೋ” ಎನ್ನತೊಡಗಿದರು. ಚಂದ್ರಿ ಟ್ಯಾಬನ್ನು ಟ್ರಂಕಿನೊಳಗೆ ಇಟ್ಟುಬಿಟ್ಟಳು. ಮತ್ತೆ ಟಕ್ ಟಕ್.

ಮನೆಯಲ್ಲಾದರೆ ಟಕ್ ಟಕ್ ನಡೆಯುತ್ತದೆ. ಜೂನ್‌ನಲ್ಲಿ ಅವಳು ದೊಡ್ಡ ಶಾಲೆಗೆ ಹೋಗಬೇಕಿತ್ತು. ಅಲ್ಲಿ ಯಾರಿಗೆ ಗೊತ್ತು ಅವಳ ಟಕ್ಕು? ಆ ದನಿ ಹೊತ್ತುಕೊಂಡು ತಾನು ಹೋಗುವುದಿಲ್ಲ ಎಂದು ಕೈಸನ್ನೆ ಮಾಡಿ ಚಂದ್ರಿ ಗೋಡೆಯ ಕಡೆ ತಿರುಗಿ ಕುಳಿತಳು. ನಾಗಮಣಿ ಸೀರೆಯ ಸೆರಗು ನೇಯುತ್ತಿದ್ದವಳು ಕೈ ನಿಲ್ಲಿಸಿದಳು. ಆಮೇಲೆ ಫೋನು ಎತ್ತಿಕೊಂಡಳು.

ಹಾಗೆ ಅವಳಿಗೆ ಸಿಕ್ಕಿದ್ದು ಆ ಗುಂಪು. ಫೋನಿನೊಳಗಿನ ಗುಂಪು. ಕಂಪ್ಯೂಟರಿನ ಪ್ರೋಗ್ರಾಂ ಬರೆಯುವ ಹುಚ್ಚು ಹತ್ತಿದವರು ಅಲ್ಲಿ ಸೇರುತ್ತಾರಂತೆ. ಹಗಲು ಅವರವರ ಕೆಲಸ, ಬಿಡುವಾದಾಗ ಎಲ್ಲರೂ ಕೂಡಿ ಇದು. ಒಬ್ಬ ಅರ್ಧ ಬರೆದು ಇಟ್ಟರೆ ಇನ್ನೊಬ್ಬ ಮುಂದುವರಿಸುತ್ತಾನೆ, ಮತ್ತೊಬ್ಬ ತಪ್ಪು ಹುಡುಕುತ್ತಾನೆ. ಬರೆದದ್ದನ್ನು ಮಾರುವುದಿಲ್ಲ, ಬೇಕಾದವರು ತೆಗೆದುಕೊಳ್ಳಬಹುದು. ಟ್ಯಾಬಿನ ದನಿ ಬದಲಾಯಿಸಲು ಆಗುತ್ತದೆಯೇ ಎಂದು ನಾಗಮಣಿ ಕೇಳಿದ್ದಳು. ಆಗುತ್ತದೆ, ಯಾರಾದರೂ ಕೂತು ನೂರಾರು ಮಾತು ಹೇಳಿ ಕೊಟ್ಟರೆ ಅದೇ ದನಿಯಲ್ಲಿ ಟ್ಯಾಬ್ ಮಾತಾಡುವ ಹಾಗೆ ಮಾಡುತ್ತೇವೆ ಎಂದರಂತೆ. ಯಾರ ದನಿ ಬೇಕು ಎಂದು ಚಂದ್ರಿಯನ್ನು ಕೇಳಿದರೆ ಅವಳು ಟ್ರಂಕಿನಿಂದ ಟ್ಯಾಬ್ ತೆಗೆದು ಬರೆದಳು. ರೈಲಿನವಳು ಗಂಭೀರವಾಗಿ ಓದಿದಳು: “ಅಜ್ಜಿಯ ದನಿ ಬೇಕು. ಅಜ್ಜಿ ಬೈಯುವ ಹಾಗೆ ನಾನು ಬೈಯಬೇಕು.”

ನನ್ನ ಎದೆ ಉಬ್ಬಿದ್ದು ಸುಳ್ಳಲ್ಲ. ಆದರೆ ಎದೆ ಉಬ್ಬಿತೆಂದು ಬುದ್ಧಿ ಬಿಡಲಾಗುತ್ತದೆಯೇ?

“ಇದರಿಂದ ಅವರಿಗೇನು ಬರ್ತೈತೆ?” ಎಂದು ಕೇಳಿದೆ.

“ಏನೂ ಬರಲ್ಲ ಅತ್ತಮ್ಮ. ಖುಷಿಗೆ ಮಾಡ್ತಾರೆ.”

“ಖುಷಿ ಬೇಕಾದೋರು ಜಟಿಂಗ ರಾಮೇಶ್ವರದ ಬೆಟ್ಟ ಹತ್ತಲಿ. ಮುದುಕಿ ದನಿ ಯಾಕೆ ಬೇಕು? ಎಲ್ಲಿ, ತೋರ್ಸು ಅವರ ಮಕ.”

ತೋರಿಸಿದಳು. ಮುಖವೆಲ್ಲಿ ಬಂತು? ಒಬ್ಬ ಬೆಕ್ಕು. ಒಬ್ಬ ಸೈಕಲ್ಲಿನ ಚಕ್ರ. ಒಬ್ಬ ಮಂಜು ಮುಚ್ಚಿದ ಬೆಟ್ಟ. ಇನ್ನೊಂದು, ದುಂಡು ಕಣ್ಣು ಬಿಟ್ಟುಕೊಂಡ ಗೂಬೆ! ಹೆಸರಿನ ಜಾಗದಲ್ಲೂ ಅಂಥವೇ ಏನೇನೋ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕುಳಿತವರನ್ನೂ ಯಾವೂರು, ಯಾರ ಪೈಕಿ, ಎಷ್ಟು ಜನ ಮಕ್ಕಳು ಎಂದು ಕೇಳಿದ ಮೇಲೆಯೇ ಕಡಲೆಕಾಯಿ ಕೊಡುವುದು. ಇಲ್ಲಿ ನೋಡಿದರೆ ಊರಿಲ್ಲ, ಕೇರಿಯಿಲ್ಲ, ಅಪ್ಪ ಅವ್ವ ಇಲ್ಲ.

“ಮನೆ ಮೇಲೆ ಗೂಬೆ ಕೂತ್ರೆ ನೀರು ಹಾಕಿ ತೊಳೀತೀವಿ. ನೀನು ಫೋನಿನೊಳಗೇ ಕೂರ್ಸಿಕೊಂಡೀಯಲ್ಲೇ!”

“ಊರ್ಕೋಂಡಿ ಅತ್ತಮ್ಮ,” ಎಂದಳು ನಾಗಮಣಿ. ಸುಮ್ಮನಿರಿ ಎನ್ನುವುದನ್ನು ಅವಳು ತೆಲುಗಿನಲ್ಲೇ ಹೇಳುವುದು, ಅದರಲ್ಲಿ ಮರ್ಯಾದೆ ಜಾಸ್ತಿಯೆಂದು. “ಎಲ್ಲರಿಗಿಂತ ಹೆಚ್ಚು ಸಹಾಯ ಮಾಡ್ತಿರೋದೇ ಆ ಗೂಬೆ.”

ಅದೇ ನನಗೆ ಸರಿಬೀಳಲಿಲ್ಲ. ಆದರೂ ಚಂದ್ರಿ ನನ್ನ ಮುಖವನ್ನೇ ನೋಡುತ್ತಿದ್ದಳು. ಒಪ್ಪಿದೆ.

ಮೊದಲ ಸಲ ಹೇಳಿ ಕಳಿಸಿದ್ದಕ್ಕೆ ಗೂಬೆಯಿಂದ ಉತ್ತರ ಬಂತು: ಹಿಂದೆ ಮಗ್ಗದ ಸದ್ದು, ಬೀದಿಯ ಸದ್ದು ಬರುತ್ತಿದೆ, ದಪ್ಪನೆಯ ಕಂಬಳಿಯೇನಾದರೂ ಇದ್ದರೆ ಹೊದ್ದುಕೊಂಡು ಒಳಗಿಂದ ಮಾತಾಡಿ. ನಮ್ಮ ಮನೆಯಲ್ಲಿ ಕಂಬಳಿ ಇರುವುದು ಅದಕ್ಕೆ ಹೇಗೆ ಗೊತ್ತು? ಕಂಬಳಿ ಎಲ್ಲರ ಮನೆಯಲ್ಲೂ ಇರುತ್ತದೆ ಎಂದ ವೀರೇಶ. ಇವನೂ ಅವರ ಕಡೆ ಸೇರಿಬಿಟ್ಟನೆಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಬೇಸಿಗೆ ರಜ. ಮಧ್ಯಾಹ್ನ ಬೀದಿಯ ಮಗ್ಗಗಳೆಲ್ಲ ಊಟಕ್ಕೆ ನಿಲ್ಲುವ ಹೊತ್ತಿಗೆ ನಾನೂ ಚಂದ್ರಿಯೂ ಕಂಬಳಿ ಹೊದ್ದು ಕೂರುವುದು. ಮೊಳಕಾಲ್ಮೂರಿನ ಏಪ್ರಿಲ್ ಬಿಸಿಲು, ಮೇಲೆ ಚಳ್ಳಕೆರೆಯ ಕಂಬಳಿ. ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ನನ್ನ ಸೆರಗಿಗೆ ಸಿಕ್ಕಿಸಿದ, ಟೋಪಿ ತೊಟ್ಟ ಪುಟಾಣಿ ಮೈಕು. ಫೋನಿನ ಬೆಳಕು ಚಂದ್ರಿಯ ಮೂಗಿನ ತುದಿಯ ಬೆವರಿನ ಮೇಲೆ ಮಿಂಚುತ್ತಿತ್ತು. ಕನ್ನಡಕ ಮಂಜಾಗಿ ನನಗೆ ಓದಲು ಆಗುತ್ತಿರಲಿಲ್ಲವಾದ್ದರಿಂದ ಗುಂಪಿನ ಯಾವನೋ ಒಂದೊಂದೇ ವಾಕ್ಯವನ್ನು ಕಿವಿಗೆ ಹೇಳುವ ಏರ್ಪಾಡು ಮಾಡಿದ್ದ. ಅವನು ಹೇಳಿದ್ದನ್ನು ನಾನು ಹಾಗೆಯೇ ತಿರುಗಿ ಹೇಳಬೇಕು, ಅಷ್ಟೇ.

“ನಿಮ್ಮ ಹೆಸರೇನು?” ಎಂದ.

“ಸರೋಜಮ್ಮ ಕಣಪ್ಪ. ನಿಂದು?” ಎಂದೆ.

“ಊಟ ಆಯಿತೇ?”

“ಇನ್ನೂ ಎಸರಿಟ್ಟಿಲ್ಲ. ಇದು ಮುಗಿದ ಮ್ಯಾಲೆ.”

ಚಂದ್ರಿ ಹಣೆ ಹಣೆ ಬಡಿದುಕೊಂಡಳು. ನಾನೇನು ಮಾಡಲಿ? ಒಬ್ಬರು ಆಡಿದ ಮಾತನ್ನು ಅವರಿಗೇ ತಿರುಗಿಸಿ ಆಡಿದರೆ ನಮ್ಮಲ್ಲಿ ಅದಕ್ಕೆ ಅಣಕ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಹಾಗೆ ಮಾಡಿದ್ದಕ್ಕೆ ಅವ್ವ ಸೌಟು ಹಿಡಿದು ಹಿತ್ತಲವರೆಗೂ ಅಟ್ಟಿಸಿಕೊಂಡು ಬಂದಿದ್ದಳು. ಊಟ ಆಯಿತೇ ಎಂದು ಕೇಳಿದವನಿಗೆ ಊಟ ಆಯಿತೇ ಎಂದು ಅಣಕಿಸಲು ನಾಲಿಗೆ ಹೇಗೆ ಬರುತ್ತದೆ?

ಅದನ್ನು ಹೇಗೋ ಕಲಿತೆ. ಆಮೇಲೆ ಬಂದವು ನೋಡಿ ಕೆಟ್ಟ ಕೆಟ್ಟ ವಾಕ್ಯಗಳು. “ಎಣ್ಣೆ ಮುಗಿದಿದೆ.” ಎಣ್ಣೆ ಮಿಲ್ಲಿನವನ ಮಗಳು ನಾನು, ತುಂಬಿದ ಮನೆಯಲ್ಲಿ ಕೂತು ಆ ಮಾತು ಆಡುವುದೇ? “ಎಣ್ಣೆ ತುಂಬೈತೆ” ಎಂದೆ. ಮನೆಯಲ್ಲಿ ಏನು ತೀರಿದರೂ ನಾವು ಹಾಗೆಯೇ ಅನ್ನುವುದು, ಕೇಳಿದವರಿಗೆ ಅರ್ಥವಾಗುತ್ತದೆ. “ದೀಪ ಆರಿಸು” ಎಂದ. “ದೀಪ ಶಾಂತ ಮಾಡು” ಎಂದೆ. “ನಾನು ಹೋಗುತ್ತೇನೆ” ಎಂದ. ಹೋಗುವುದಿದ್ದರೆ ಅವನು ಹೋಗಲಿ. ನಾನು “ಬರ್ತೀನಿ” ಎಂದೆ.

ನಾವು ಹೇಳಿ ಕಳಿಸಿದ ಒಂದೊಂದನ್ನೂ ಕೇಳಿ ಸರಿಯಿದೆಯೇ ಎಂದು ನೋಡುವ ಕೆಲಸ ಗೂಬೆಯದು. ಸರಿಯಿದ್ದರೆ ಹಸಿರು ಗುರುತು, ಇಲ್ಲದಿದ್ದರೆ ಕೆಂಪು ಕತ್ತರಿ. ಸಂಜೆ ಚಂದ್ರಿ ಫೋನು ತೆಗೆದು ತೋರಿಸಿದರೆ ಕೆಂಪು ಕತ್ತರಿಗಳ ತೋಟ. ನಾನು ಹೇಳಿದ್ದಕ್ಕೆ ತಪ್ಪು ಹಾಕಲು ಇದ್ಯಾರು? ಚಂದ್ರಿ ಮೈ ಕುಲುಕಿ ಕುಲುಕಿ ನಗುತ್ತಿದ್ದಳು. ಮೈಕು ಒತ್ತಿಸಿಕೊಂಡು ಗುಂಪಿಗೆಲ್ಲ ಕೇಳುವ ಹಾಗೆ ಅಂದುಬಿಟ್ಟೆ: “ಲೇ ಗೂಬೆ, ನಿನ್ನ ಮನೇಲಿ ಎಣ್ಣೆ ಮುಗಿದ್ರೆ ಮುಗೀಲಿ, ನಮ್ಮನೇದು ಯಾಕೆ ಮುಗಿಸ್ತೀಯಾ? ಯಾವೂರಲೇ ನಿಂದು?”

ನಾಗಮಣಿ ಬಾಯಿಗೆ ಸೆರಗು ಒತ್ತಿಕೊಂಡಳು. ಬೆಕ್ಕು ನಗುವ ಚಿತ್ರ ಕಳಿಸಿತು. ಗೂಬೆ ಮಾತ್ರ ಊರು ಹೇಳಲಿಲ್ಲ. “ದಯವಿಟ್ಟು ಮತ್ತೊಮ್ಮೆ ಹೇಳಿ ಅಜ್ಜಿ” ಎಂದು ಬರೆಯಿತು.

ಅದೇ ವಾರ ಹಿಂದಿನ ಬೀದಿಯ ಒಬ್ಬಳಿಗೆ ಫೋನು ಬಂತು. “ಅವ್ವಾ, ಆಸ್ಪತ್ರೆಯಲ್ಲಿದ್ದೀನಿ, ಬೇಗ ದುಡ್ಡು ಹಾಕು” ಎಂದು ಮಗನ ದನಿ ಅಳುತ್ತಿತ್ತು. ಅವಳು ಎದೆ ಬಡಿದುಕೊಂಡು ಹಿಂತಿರುಗಿದರೆ ಮಗ ಅಲ್ಲೇ ಮಗ್ಗದ ಕುಣಿಯೊಳಗೆ ಕಾಲಿಟ್ಟುಕೊಂಡು ಕಾಫಿ ಕುಡಿಯುತ್ತಿದ್ದಾನೆ. ಈಚೆಗೆ ಹೀಗೆ ಯಾರದೋ ದನಿ ಕದ್ದು ಯಾರನ್ನೋ ಯಾಮಾರಿಸುತ್ತಾರಂತೆ ಎಂದು ಬೀದಿಯೆಲ್ಲ ಮಾತಾಡಿತು. ಬಾಗಿಲಾಚೆ ನಿಂತು ಅವ್ವನ ದನಿಯಲ್ಲಿ ಕೂಗುವುದು ಫೋನಿನೊಳಗೂ ಬಂತಲ್ಲ! ಅಜ್ಜಿ ಹೇಳಿದ್ದು ಬಂತು. ನಾನು ಕಂಬಳಿಯೊಳಗೆ ಕೂತು ಕೈಯಾರೆ ದನಿ ಎತ್ತಿ ಕೊಡುತ್ತಿದ್ದೇನೆ, ಅದೂ ಗೂಬೆಯ ಕೈಗೆ.

“ನನ್ನ ದನಿ ವಾಪಸ್ ಕೊಡೋಕೆ ಹೇಳು,” ಎಂದೆ ನಾಗಮಣಿಗೆ.

“ಕೊಟ್ಟ ದನಿ ಹೆಂಗೆ ವಾಪಸ್ ತಗೊಳ್ಳೋದು ಅತ್ತಮ್ಮ? ಅದೇನು ಕೈಸಾಲದ ಸಕ್ಕರೇನಾ?”

“ನನಗೆ ಗೊತ್ತಿಲ್ಲ. ಹೇಳು.”

ಹೇಳಿದಳು. ಜಗಳವಾಡುತ್ತಾರೆಂದು ನಾನು ಸೊಂಟ ಬಿಗಿದು ಕೂತಿದ್ದೆ. ಬಂದದ್ದು ಒಂದೇ ಸಾಲು: “ನಿಮ್ಮ ದನಿ ನಿಮ್ಮದು ಅಜ್ಜಿ. ಇದ್ದುದನ್ನೆಲ್ಲ ಅಳಿಸಿದ್ದೇವೆ.” ಇಷ್ಟು ಸಲೀಸಾಗಿ ಯಾರಾದರೂ ಕೊಟ್ಟುಬಿಡುತ್ತಾರೆಯೇ? ಅನುಮಾನ ಇನ್ನೂ ಜಾಸ್ತಿಯಾಯಿತು. ಒಂದು ಪ್ರತಿ ಎಲ್ಲಾದರೂ ಅಡಗಿಸಿಟ್ಟಿರಬೇಕು.

ಚಂದ್ರಿ ಅಳಲಿಲ್ಲ, ಕಾಲು ಕುಟ್ಟಲಿಲ್ಲ. ಕಂಬಳಿಯನ್ನು ಅಂಚಿಗೆ ಅಂಚು ಹೊಂದಿಸಿ ಮಡಿಸಿ ಟ್ರಂಕಿನ ಮೇಲಿಟ್ಟಳು, ಟ್ಯಾಬನ್ನು ಟ್ರಂಕಿನೊಳಗೆ. ಅವತ್ತಿನಿಂದ ಕರೆದರೆ ಬಂದು ಕಂಬಕ್ಕೆ ಬಡಿಯುತ್ತಿದ್ದಳು, ಆದರೆ ಒಂದೇ ಟಕ್ಕು. ಅದೂ ಮೆಲ್ಲಗೆ. ದೊಡ್ಡ ಶಾಲೆಯ ಹೊಸ ಬ್ಯಾಗು ಮೊಳೆಗೆ ನೇತುಹಾಕಿದಲ್ಲೇ ಇತ್ತು, ಅವಳು ಅದರ ಜಿಪ್ಪನ್ನೂ ಎಳೆದು ನೋಡಲಿಲ್ಲ. ಬದನೆಕಾಯಿ ಬಡಿದು ನೋಡುವವಳಿಗೆ ಆ ಒಂಟಿ ಟಕ್ಕು ಏನು ಹೇಳುತ್ತಿದೆಯೆಂದು ತಿಳಿಯುವುದಿಲ್ಲವೇ?

ಹಾಗೆಂದು ಅನುಮಾನ ಬಿಟ್ಟೆನೆಂದು ತಿಳಿಯಬೇಡಿ. ಗೂಬೆಗೆ ಒಂದು ಪರೀಕ್ಷೆ ಇಟ್ಟೆ. ನಾಗಮಣಿಯಿಂದ ಫೋನು ತೆಗೆಸಿ ಕೇಳಿದೆ: “ಲೇ ಗೂಬೆ, ಒಂದೇ ಮಾತು. ಹೊತ್ತು ಮುಳುಗಿದ ಮ್ಯಾಲೆ ಹೊರಗಿಂದ ಯಾರೋ ನಿನ್ನ ಹೆಸರು ಕೂಗ್ತಾರೆ. ಏನ್ಮಾಡ್ತೀಯಾ? ಬರೀಬ್ಯಾಡ. ಬಾಯಿಬಿಟ್ಟು ಹೇಳು.” ಬಾಗಿಲು ತೆರೆಯುತ್ತೇನೆ ಎಂದರೆ ಯಾವುದೋ ದೂರದ ಶಹರದ್ದು, ನಮಗೆ ಸಂಬಂಧವಿಲ್ಲ ಎಂದು ಲೆಕ್ಕ ಹಾಕಿದ್ದೆ.

ದನಿಯಲ್ಲೇ ಉತ್ತರ ಬಂತು. ಗೂಬೆ ಹೆಣ್ಣು!

“ಮೂರನೇ ಸಲ ಕೂಗೋ ತನಕ ಓ ಅನ್ನಬಾರದು ಅಜ್ಜಿ. ಅವ್ವ ಹೇಳ್ತಿದ್ಲು. ಅವ್ವಂದು ದೊಡ್ಡಉಳ್ಳಾರ್ತಿ. ನಾನಿನ್ನೂ ಹಂಗೇ ಮಾಡ್ತೀನಿ. ಆಫೀಸಲ್ಲಿ ಮೂರನೇ ಸಲ ಕರೆದ ಮೇಲೇ ತಿರುಗಿ ನೋಡೋದು, ಅಹಂಕಾರ ಅಂತಾರೆ ಎಲ್ಲರೂ.”

ದೊಡ್ಡಉಳ್ಳಾರ್ತಿ ಎಂದರೆ ನಮ್ಮ ಚಳ್ಳಕೆರೆಯ ಹುಲ್ಲುಗಾವಲಿನ ಕಡೆಯ ಊರು, ಮಾತೂ ಅಲ್ಲಿಯದೇ. ಕೊನೆಯಲ್ಲಿ ಸ್ವಲ್ಪ ಎಳೆಯುವ ಅದೇ ಎಳೆತ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನಾಗಮಣಿ ನೋಡಿದಳು, ನಾನು ಕೆಮ್ಮಿದೆ.

“ಹೆಣ್ಣುಮಗಳಾ ನೀನು? ಲೇ ಅಂದಿದ್ನಲ್ಲವ್ವ.”

“ಅನ್ನಿ ಅಜ್ಜಿ. ನಮ್ಮವ್ವ ಇದಕ್ಕಿಂತ ಜೋರಾಗಿ ಅಂತಾಳೆ.”

“ದೊಡ್ಡಉಳ್ಳಾರ್ತಿ ಯಾರ ಮನೆ?”

“ಅದು ಬೇಡ. ಗುಂಪಲ್ಲಿ ಎಲ್ಲರೂ ಕೇಳಿಸ್ಕೊಂತಾರೆ. ಯಾರು ಹೆಂಗೋ.”

ಆ ಮಾತಿಗೆ ನಾನು ಸೋತೆ. ನೋಡಿ, ಎಲ್ಲರನ್ನೂ ನಂಬುವವರನ್ನು ಕಂಡರೆ ನನಗೆ ಭಯ. ಅನುಮಾನ ಇಟ್ಟುಕೊಂಡವರ ಜೊತೆ ಸಂಸಾರ ಮಾಡಬಹುದು.

ಕರಾರು ಹಾಕಿದೆ. ನನ್ನ ದನಿ ಚಂದ್ರಿಯ ಟ್ಯಾಬಿನಲ್ಲಿ ಮಾತ್ರ ಇರಬೇಕು, ಗುಂಪಿನಲ್ಲಿ ಇಡಬಾರದು, ಊರೆಲ್ಲ ಹಂಚಬಾರದು. ಎರಡನೆಯದು, ಕೆಟ್ಟ ಮಾತು ಆಡುವುದಿಲ್ಲ. ಗುಂಪಿನವರೆಲ್ಲ ಕೂಡಿ ಏನೇನೋ ಚರ್ಚೆ ಮಾಡಿದರು. ಬೆಟ್ಟ ಬೇಡವೆಂದಿತು, ಎಲ್ಲರಿಗೂ ಸಿಗಲಿ ಎನ್ನುವುದೇ ಗುಂಪಿನ ಪದ್ಧತಿಯಂತೆ. ಚಕ್ರ ಅದಕ್ಕೆ ಎದುರು ಹೇಳಿತು: ಪ್ರೋಗ್ರಾಂ ಎಲ್ಲರದು, ಗಂಟಲು ಅಜ್ಜಿಯದು. ಕೊನೆಗೆ ಒಪ್ಪಿದರು. ಬೀಗ ಹಾಕುತ್ತೇವೆ ಎಂದರು.

“ಬೀಗದ ಕೈ ಯಾರ ಹತ್ರ?”

“ಚಂದ್ರಿ ಹತ್ರ ಅಜ್ಜಿ,” ಎಂದಳು ಗೂಬೆ.

ಕೆಟ್ಟ ಮಾತಿನದಕ್ಕೂ ಅವಳೇ ದಾರಿ ಕಂಡಳು. ಇನ್ನು ಮೇಲೆ ನಾವು ಬರೆದದ್ದನ್ನು ನೀವು ಹೇಳುವುದು ಬೇಡ, ನೀವು ಹೇಳಿದ್ದನ್ನು ನಾವು ಬರೆದುಕೊಳ್ಳುತ್ತೇವೆ, ನಿಮಗೆ ಬಂದದ್ದನ್ನು ಆಡಿ ಎಂದಳು. ಇಷ್ಟು ಹೇಳಬೇಕೇ? ಕಂಬಳಿ ಹೊದ್ದು ಕೂತರೆ ಮಗ್ಗಗಳು ಮತ್ತೆ ಶುರುವಾಗುವವರೆಗೂ ನನ್ನ ಬಾಯಿ ನಿಲ್ಲುತ್ತಿರಲಿಲ್ಲ. ಬೈದೆ, ಚೌಕಾಶಿ ಮಾಡಿದೆ, ಮುದ್ದೆ ಮಾಡುವುದು ಹೇಳಿದೆ, ಬಜ್ಜಿ ಹೋದದ್ದು ಹೇಳಿದೆ. ಎಲ್ಲೆಲ್ಲೋ ಇರುವ ಬೆಕ್ಕು, ಚಕ್ರ, ಬೆಟ್ಟ, ಗೂಬೆ ಕೂತು ಒಂದೊಂದು ಮಾತನ್ನೂ ಬರೆದುಕೊಂಡರು. ಹೊಸ ಸೊಸೆಯಾಗಿದ್ದಾಗ ಅತ್ತೆ ಮಾವ ತೆಲುಗಿನಲ್ಲಿ ಕೂಗಾಡಿದ್ದು ನನ್ನ ಬಗ್ಗೆ ಅಲ್ಲ, ಮಗ್ಗದ ಹಾಸಿನ ನೂಲಿಗೆ ಹಾಕಲು ಇಟ್ಟಿದ್ದ ಗಂಜಿಯನ್ನೆಲ್ಲ ಕುಡಿದು ಬೀದಿಗೆ ಓಡಿದ ಎಮ್ಮೆಯ ಬಗ್ಗೆ ಎಂದು ಹೇಳುವಷ್ಟರಲ್ಲಿ ಪಕ್ಕದ ಮನೆಯ ಮಗ್ಗ ಶುರುವಾಗಿ ನಿಲ್ಲಿಸಬೇಕಾಯಿತು. ಸಂಜೆ ಹಸಿರು ಗುರುತಿನ ಕೆಳಗೆ ಬೆಟ್ಟ ಬರೆದಿತ್ತು: “ಅಜ್ಜಿ, ಎಮ್ಮೆ ಸಿಕ್ಕಿತೇ?” ಅದರ ಕೆಳಗೆ ಚಕ್ರ: “ನಮಗೂ ತಿಳಿಯಬೇಕು.”

ಮಾರನೆಯ ದಿನ ಎಮ್ಮೆಯನ್ನು ಹಿಡಿದುಕೊಟ್ಟೆ. ಇದೂ ಅನುಮಾನಕ್ಕೆ ಕಾರಣವೇ, ಕೆಲಸಕ್ಕೆ ಬಂದವರು ಕತೆ ಕೇಳುತ್ತಾ ಕೂತಿದ್ದಾರೋ ಹೇಗೆ ಎಂದು. ಆದರೆ ಖುಷಿಯೂ ಆಗುತ್ತಿತ್ತು. ನನ್ನ ಮಾತು ಮುಗಿಯುವುದನ್ನೇ ಕಾಯುವವರನ್ನು ಕಂಡಿದ್ದೆ, ಮುಂದೇನೆಂದು ಕಾಯುವವರನ್ನು ಕಂಡಿರಲಿಲ್ಲ.

ಆಮೇಲೆ ಸುದ್ದಿಯಿಲ್ಲ. ದನಿಯ ಅಡುಗೆ ನಡೆಯುತ್ತಿದೆ, ಬೇಯಬೇಕು ಎಂದಳು ಗೂಬೆ. ಶಾಲೆ ಶುರುವಾಗುವ ದಿನ ಹತ್ತಿರ ಬಂತು. ಮೊಳೆಯ ಮೇಲಿನ ಬ್ಯಾಗಿನ ಮೇಲೆ ಧೂಳು ಕೂತಿತು. ನಾನು ದಿನಾ ಅದನ್ನು ಸೆರಗಿನಿಂದ ಒರೆಸುತ್ತಿದ್ದೆ, ಚಂದ್ರಿ ದಿನಾ ನೋಡಿಯೂ ನೋಡದವಳ ಹಾಗಿರುತ್ತಿದ್ದಳು. ಕೊಟ್ಟದ್ದು ಹೋಯಿತು, ಬರುವುದು ಬರಲಿಲ್ಲ, ನನ್ನ ಅನುಮಾನವೇ ನಿಜವಾಯಿತೇನೋ ಎಂದುಕೊಂಡೆ. ಜನ್ಮದಲ್ಲಿ ಮೊದಲ ಸಲ, ನನ್ನ ಅನುಮಾನ ಸುಳ್ಳಾಗಲಪ್ಪಾ ಎಂದು ಬೇಡಿಕೊಂಡೆ.

ಒಂದು ಬೆಳಗ್ಗೆ ಮಗ್ಗದ ಪಕ್ಕ ಕೂತು ಅಕ್ಕಿ ಆರಿಸುತ್ತಿದ್ದೆ. ವೀರೇಶ ಹೊರಗೆ ಹೋಗಿದ್ದ, ನಾಗಮಣಿ ನೀರಿಗೆ ಹೋಗಿದ್ದಳು. ಬಾಗಿಲು ಓರೆಯಾಗಿತ್ತು. ಹೊರಗಿಂದ ಯಾರೋ ಕೂಗಿದರು.

“ಅಜ್ಜೀ...”

ಮೊರ ಕೈಯಿಂದ ಜಾರಿತು. ಅದು ನನ್ನ ದನಿ. ಚೂರು ಒರಟು, ಕೊನೆಯಲ್ಲಿ ಚೂರು ಎಳೆತ, ಎಣ್ಣೆ ಕಾಣದ ಬಾಗಿಲಿನ ಹಾಗೆ. ನನ್ನ ಮನೆಯ ಹೊರಗೆ ನಿಂತು ನಾನೇ ನನ್ನನ್ನು ಕೂಗುತ್ತಿದ್ದೇನೆ! ಒಂದು ಗಳಿಗೆ ಚಳ್ಳಕೆರೆಯ ಆ ಕತ್ತಲು, ಆ ಕುರಿಯ ವಾಸನೆ, ತಂಗಿಯ ಕೈ ನನ್ನ ಬಾಯಿಯ ಮೇಲೆ. ಆಮೇಲೆ ತಿಳಿಯಿತು, ಗೂಬೆಯ ಅಡುಗೆ ಬೆಂದಿದೆ. ತಿಳಿದೂ ಓ ಎನ್ನಲಿಲ್ಲ. ಭಯಕ್ಕಲ್ಲ. ಇನ್ನೊಂದು ಸಲ ಕೇಳುವ ಆಸೆಗೆ.

“ಅಜ್ಜೀ, ಕಿವಿಗೇನು ಹತ್ತಿ ಇಟ್ಕೊಂಡೀಯಾ? ಬಾ ಅಂದ್ರೆ ಬರಬೇಕು!”

ಥೇಟ್ ನನ್ನ ಬೈಗುಳ. ಎದುರು ಮನೆಯವಳು ಕಿಟಕಿಯಿಂದ “ಯಾಕ್ರೀ ಸರೋಜಮ್ಮ, ಬೆಳ್‌ಬೆಳಿಗ್ಗೆ ಯಾರಿಗೆ ಬೈತಿದ್ದೀರಿ?” ಎಂದಳು. ಅವಳಿಗೆ ಯಾರು ಹೇಳಬೇಕು, ಸರೋಜಮ್ಮ ಒಳಗೆ ಸೆರಗು ಕಚ್ಚಿಕೊಂಡು ಕೂತಿದ್ದಾಳೆಂದು? ಮೂರನೆಯದೂ ಬರಲಿ ಎಂದು ಕಾದೆ. ಅಪ್ಪನ ಹಾಗೆ ಸಿಟ್ಟುಮಾಡಿಕೊಂಡು ಎರಡಕ್ಕೇ ನಿಲ್ಲಿಸಿದರೆ?

ಬಂತು.

“ಅಜ್ಜೀ, ಬ್ಯಾಗ್ ಕೊಡೇ. ಶಾಲೆಗೆ ಹೊತ್ತಾತು, ಬರ್ತೀನಿ.”

ಹೋಗ್ತೀನಿ ಅನ್ನಲಿಲ್ಲ. ಬರ್ತೀನಿ.

ಮೂರನೆಯ ಕೂಗು, ಇನ್ನು ಓ ಎನ್ನಬಹುದು. ಬಾಯಿ ತೆರೆದೆ. ಬರೀ ಗಾಳಿ. ಅಜ್ಜಿ ಹೇಳಿದ್ದು ಸುಳ್ಳಲ್ಲ, ಕೂಗಿದವರು ದನಿ ಎತ್ತಿಕೊಂಡೇ ಹೋಗಿದ್ದರು. ಬಾಗಿಲ ಸಂದಿಯಲ್ಲಿ ಚಂದ್ರಿಯ ಮುಖ ಕಾಣಿಸಿತು, ಎದೆಗೆ ಟ್ಯಾಬ್ ಅವುಚಿಕೊಂಡಿದ್ದಳು. ಅಜ್ಜಿಗೆ ಕೇಳಿಸಿತೋ ಇಲ್ಲವೋ ಎಂದು ಅನುಮಾನದಿಂದ ನನ್ನನ್ನೇ ನೋಡುತ್ತಿದ್ದಳು.

ನಾನು ಕೈ ಚಾಚಿ ಮಗ್ಗದ ಕಂಬಕ್ಕೆ ಬೆರಳ ಗೆಣ್ಣಿನಿಂದ ಬಡಿದೆ. ಟಕ್ ಟಕ್.